ಕೃಷ್ಣ ಎರಡು ತುಂಡಾದ ಸಂಜೆ

ಐಮಂಗಲದ ಟೆಂಟಿನಲ್ಲಿ ನಾನು ಸಿನಿಮಾ ಮಿಷನ್ ಓಡಿಸುವಾಗ ನನ್ನಂಥ ಆಪರೇಟರ್ ಇಡೀ ಚಿತ್ರದುರ್ಗ ಜಿಲ್ಲೇಲೇ ಇರಲಿಲ್ಲ. ಒಂದು ಸಂಜೆ ಕೃಷ್ಣನ ಸಿನಿಮಾದ ಹಳೇ ರೀಲಿನ ಅಂಚಿನ ತೂತುಗಳು ಹರಿದು, ಮಿಷನ್ನಿನ ಹಲ್ಲಿಗೆ ಸಿಗದೆ ರೀಲು ಜಾರತೊಡಗಿತು. ಪರದೆ ಮೇಲೆ ಚಿತ್ರ ಎರಡು ತುಂಡಾಗಿ, ಕೃಷ್ಣನ ಕಾಲು ಮೇಲೆ, ತಲೆ ಕೆಳಗೆ ಬಂತು. ಕುರಿ ಕಾಯೋ ಅಜ್ಜಿಯೊಬ್ಬಳು ನನ್ನ ಹತ್ರ ಎದ್ದು ಬಂದು, "ಏನಪ್ಪ, ಸ್ವಾಮಿ ಮುಖ ನೋಡಾಣ ಅಂತ ಕುರಿ ಬಿಟ್ಟು ಬಂದಿದೀನಿ, ಹಿಂಗೆ ಕಡಿದು ಹಾಕಿದ್ಯಲ್ಲ!" ಅಂತ ಅತ್ತೇಬಿಟ್ಟಳು.

ನನಗೆ ತಡೀಲಿಲ್ಲ. ತಿರುಗೋ ಚಕ್ರಕ್ಕೆ ಅಂಗೈ ಒತ್ತಿ ಹಿಡಿದೆ. ಚರ್ಮ ಸುಟ್ಟ ವಾಸನೆ ಹಿರಿಯೂರಿನ ತನಕ ಹೊಡೀತು! ವೇಗ ತಗ್ಗಿದ ಮೇಲೆ ಹಲ್ಲು ತೂತನ್ನು ಕಚ್ಚಿ, ಚಿತ್ರ ಕೂಡಿಕೊಂಡಿತು. ಆದರೆ ಆ ನಿಧಾನಕ್ಕೆ ಕೃಷ್ಣನ ಮಾತು ಕೋಣ ನರಳಿದಂಗೆ ಎಳೆದೆಳೆದು ಬಂತು. ಜನ ಸಿಳ್ಳೆ ಹೊಡೆದರು.

"ಸುಮ್ನಿರ್ರಲೇ! ನನ್ನಂಥ ಮುದುಕಿಗೆ ತಿಳೀಲಿ ಅಂತ ಸ್ವಾಮಿ ನಿಧಾನಕ್ಕೆ ಮಾತಾಡ್ತಾನೆ" ಅಂದಳು ಅಜ್ಜಿ.

ನಾನು ಮಾಡಿದ ಕೆಲಸದ ಕೀರ್ತಿ ಬೇರೆಯವರಿಗೆ, ಅದೂ ಆ ಕೃಷ್ಣನಿಗೆ, ಹೋಗೋಕೆ ಬಿಟ್ಟಿದ್ದು ಅದೊಂದೇ ಸಲ.