ಹುಳು ಮಲಗಿದ ದಿನ

ರೇಷ್ಮೆಹುಳು ಜ್ವರಕ್ಕೆ ಕೂತರೆ, ಅಂದರೆ ಪೊರೆ ಬಿಡುವ ಹೊತ್ತಿಗೆ, ಒಂದು ದಿನ ಹಿಪ್ಪುನೇರಳೆ ಸೊಪ್ಪು ತಿನ್ನದೆ ಮಲಗುತ್ತದೆ. ನನ್ನ ಗಂಡ ಶಾಂತಮೂರ್ತಿ ಬೈಕ್ ರಿಪೇರಿ ಮಾಡುತ್ತಿದ್ದದ್ದು ಸೊಪ್ಪು ತರುವ ಕೆಲಸವಿಲ್ಲದ ಆ ದಿನವೇ.

ಅವರು ತೀರಿಕೊಂಡ ಮೇಲೆ ಎಂಜಿನ್ನಿನ ಸಂದಿ ಮುಚ್ಚುವ ಗ್ಯಾಸ್ಕೆಟ್ ಹೋಗಿ ಆಯಿಲ್ ಸೋರತೊಡಗಿತು. ಬೈಕಿಗೆ ಕಟ್ಟಿ ತರುವ ಸೊಪ್ಪಿಗೆ ಆಯಿಲ್ ತಾಗಿದರೆ ಹುಳು ಉಳಿಯುವುದಿಲ್ಲ.

ಹುಳು ಮಲಗಿದ ದಿನ ನಾನೇ ಅಂಗಳದಲ್ಲಿ ಕೂತೆ. ಮನೆಯೊಳಗೆ ಹುಳು ಸೊಪ್ಪು ಮೇಯುವ ಸದ್ದಿಲ್ಲ. ತಲೆ ಎತ್ತಿಕೊಂಡು ಮಲಗಿದ ಹುಳುಗಳ ನಡುವೆ ಅವರೂ ಮಲಗಿದ್ದಾರೆ, ಈಗ ಎದ್ದು ಬರುತ್ತಾರೆ ಅನ್ನಿಸುತ್ತಿತ್ತು.

“ಅವ್ನಿದ್ದಾಗ ಸ್ಪ್ಯಾನರ್ ಮುಟ್ದೋಳಲ್ಲ, ಈಗ ಎಂಜಿನ್ನೇ ಬಿಚ್ತೀಯಾ?” ಅಂದರು ಅತ್ತೆ ದೊಡ್ಡಬಸಮ್ಮ.

“ನಾಳೆ ಹುಳ ಎದ್ರೆ ಸೊಪ್ಪು ನೀವು ಒತ್ಕಂಡ್ ಬತ್ತೀರಾ, ಅತ್ತೆ?”

ಹಳೆಯ ಗ್ಯಾಸ್ಕೆಟ್ ಕೆರೆದು ತೆಗೆದೆ. ಹನೂರಿನಿಂದ ತಂದ ಹೊಸದನ್ನು ಕೂರಿಸಿ ಬೋಲ್ಟು ಬಿಗಿದೆ. ಆಯಿಲ್ ತುಂಬಿ ಬೈಕ್ ಸ್ಟಾರ್ಟ್ ಮಾಡಿದೆ.

ಅತ್ತೆ ಬಗ್ಗಿ ಎಂಜಿನ್ನಿನ ಸಂದಿಯನ್ನು ಸೆರಗಿನ ತುದಿಯಿಂದ ಒರೆಸಿ ನೋಡಿದರು. ಕಲೆಯಾಗಲಿಲ್ಲ.

“ಬೆಳಗ್ಗೆ ಸೊಪ್ಪಿಗೆ ನಾನೂ ಬತ್ತೀನಿ, ಹಿಂದೆ ಕೂರುಸ್ಕೊ” ಅಂದರು.