ಗಾಳಿದೇ ತೊಂದರೆ

ಸರ್ದಾರ್ ಪಾಷಾ ಅವರ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಹುಣಸೂರಿನಿಂದ ಕೋಟೆ ಪಟ್ಟಣದ ಕಡೆಗೆ ಹೋಗುವ ರಸ್ತೆಯಲ್ಲಿ, ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಪಕ್ಕದಲ್ಲಿ, ಮೂವತ್ತೊಂದು ವರ್ಷ ಅದು ಬೋರ್ಡಿಲ್ಲದೆಯೇ ನಡೆಯಿತು. ಬೇರೆಯವರು ಕೈಚೆಲ್ಲಿದ ಗಾಡಿಗಳು ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ಅವರನ್ನು ಹುಡುಕಿಕೊಂಡು ಬರುತ್ತಿದ್ದವು. ಈಗ ಅಲ್ಲಿ ಮೊಬೈಲ್ ಕವರ್ ಮಾರುವ ಅಂಗಡಿಯಿದೆ. ಅಂಗಡಿಗಿಂತ ಬೋರ್ಡೇ ದೊಡ್ಡದು. ಅದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ, ಆ ಉರಿಯಲ್ಲಿ ಅರ್ಧ ನನ್ನ ಮೇಲೆಯೇ.

ಪಾಷಾ ಭಾಯ್‌ಗೆ ಒಂದು ಹಟವಿತ್ತು. ರೋಗ ತಾನಾಗಿ ಕಾಣಿಸಿಕೊಳ್ಳುವವರೆಗೆ ಯಾವ ಪಾರ್ಟನ್ನೂ ಬದಲಾಯಿಸುತ್ತಿರಲಿಲ್ಲ. “ಒಂದು ಹೊಸದು ಹಾಕಿ ಕಳಿಸಿಬಿಡಿ ಭಾಯ್” ಅಂತ ನಾನು ವ್ಯಾಪಾರದ ಆಸೆಗೆ ಹೇಳಿದರೆ, “ಅಂದಾಜಲ್ಲಿ ಹಾಕಾದಾದ್ರೆ ನಾನ್ಯಾಕೆ ಬೇಕು ಪ್ರಭುಸ್ವಾಮಿ? ನೀವೇ ಹಾಕ್ಬುಡಿ” ಅನ್ನುತ್ತಿದ್ದರು.

ಹೋದ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಕಂಪ್ಯೂಟರ್ ಸಿಕ್ಕಿಸಿ ನೋಡುವ ಹೊಸ ಗ್ಯಾರೇಜುಗಳಿಂದ ಗಿರಾಕಿಗಳೂ ಕಡಿಮೆಯಾಗಿದ್ದರು. ಹೆಂಡತಿ ಅಜ್ಮತುನ್ನೀಸಾ, ಇನ್ನು ಬಾಗಿಲು ಹಾಕಿ ಅಂತ ದಿನಾ ಹೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಬಂದದ್ದು ಹಂಪಾಪುರದ ಚನ್ನಬಸವಣ್ಣನ ವ್ಯಾನು. “ಇದೊಂದನ್ನ ಹಿಡಿದುಬುಟ್ರೆ ಇನ್ನೆರಡು ವರ್ಸ ನನ್ನ ಹೆಸರು ಓಡ್ತದೆ. ಹಿಡೀಲಿಲ್ಲ ಅಂದ್ರೆ ಬೀಗ ಹಾಕಾದೇ” ಅಂದರು ಪಾಷಾ ಭಾಯ್.

ನೆಟ್ಟಗೆ ಓಡುತ್ತಿದ್ದ ಆ ವ್ಯಾನು ಇದ್ದಕ್ಕಿದ್ದಂತೆ ಕರೀ ಹೊಗೆ ಬಿಟ್ಟು, ಮುಗ್ಗರಿಸಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೇನೋ ಎಂಬಂತೆ ಹೊರಡುತ್ತಿತ್ತು. ಎಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿಯಿದೆ ಅಂತ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಕಂಪ್ಯೂಟರಿನವರು ಹೇಳಿ ಎರಡು ಸಲ ಹೊಸದು ಹಾಕಿದ್ದರು. ಎರಡನ್ನೂ ಮಾರಿದವನು ನಾನು. ರೋಗ ಮಾತ್ರ ಹಾಗೇ ಇತ್ತು.

ಪಾಷಾ ಭಾಯ್ ಎದುರಿನ ಬ್ಯೂಟಿ ಪಾರ್ಲರಿನಿಂದ ಕೂದಲು ಒಣಗಿಸುವ ಮಿಷನ್ ತಂದು ಸೆನ್ಸರಿಗೆ ಬಿಸಿಗಾಳಿ ಬಿಟ್ಟರು. ಮುಳ್ಳಿರುವ ತಮ್ಮ ಹಳೇ ಮೀಟರ್ ಹಿಡಿದು ನೋಡಿದರು. ಮುಳ್ಳು ಸರಿಯಾಗಿಯೇ ಸರಿಯಿತು. “ಸೆನ್ಸರ್ ಚೆನ್ನಾಗದೆ. ಅಲ್ಲಿಂದ ಓಗೋ ಸುದ್ದಿ ಎಲ್ಲೋ ನಡುವೆ ಕಟ್ಟಾಯ್ತಾ ಅದೆ. ಸುದ್ದಿ ಬರದಿದ್ರೆ ಗಾಡಿ ಕಂಪ್ಯೂಟ್ರು ಗಾಳಿ ಐಸ್ ಅಂಗದೆ ಅಂದ್ಕೊಂಡು ಒಂದೇ ಸಮ ಪೆಟ್ರೋಲ್ ಸುರೀತದೆ” ಅಂದರು.

ಎಲ್ಲಿ ಕಟ್ಟಾಗುತ್ತಿದೆ ಅನ್ನುವುದೇ ಸಿಗಲಿಲ್ಲ. ಗ್ಯಾರೇಜಿನಲ್ಲಿ ವ್ಯಾನು ಹೊಸ ಅಳಿಯನ ಹಾಗೆ ಸಭ್ಯವಾಗಿರುತ್ತಿತ್ತು. ವೈರನ್ನು ಎಳೆದರು, ಅಲುಗಾಡಿಸಿದರು, ಒಂದು ಸಲ ನೀರನ್ನೂ ಚಿಮುಕಿಸಿದರು. ಆಮೇಲೆ ಆ ವೈರಿಗೆ ಸಿಕ್ಕಿಸಿದ ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಚನ್ನಬಸವಣ್ಣನ ಪಕ್ಕದ ಸೀಟಿನಲ್ಲಿ ಹನ್ನೊಂದು ದಿನ ತಿರುಗಿದರು. ಒಂದು ದಿನ ಹೊಸ ಅಗ್ರಹಾರ, ಮತ್ತೊಂದು ದಿನ ಎನ್. ಬೇಗೂರಿನ ಕಾಡುದಾರಿ. ಮುಳ್ಳು ಒಮ್ಮೆಯೂ ಹಾರಲಿಲ್ಲ. ಹನ್ನೆರಡನೇ ದಿನ ಅವರು ಗ್ಯಾರೇಜಿನಲ್ಲೇ ಉಳಿದರು. ವ್ಯಾನು ಎರಡು ಸಲ ನಿಂತಿತು.

ಅವತ್ತು ಸಂಜೆ ಚನ್ನಬಸವಣ್ಣನ ಹೆಂಡತಿ ಮಂಗಳಗೌರಿಯ ಫೋನ್ ಬಂತು. ಮಗಳು ಶಿವಾನಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಎಂಟು ತಿಂಗಳು. ಮೈಸೂರಿನ ಆಸ್ಪತ್ರೆಗೆ ಅದೇ ವ್ಯಾನಿನಲ್ಲಿ ಹೋಗಬೇಕು. ಪಾಷಾ ಭಾಯ್ ಫೋನಿನ ಸ್ಪೀಕರ್ ಹಾಕಿದ್ದರು. ನಾನು ಪಕ್ಕದಲ್ಲೇ ಟೀ ಕುಡಿಯುತ್ತಿದ್ದೆ.

“ಏನಾಗದೆ ಸಾಬ್ರೇ ಅದಕ್ಕೆ?”

“ಗಾಳಿದೇ ತೊಂದರೆ ಕಣಮ್ಮ. ಬತ್ತದೆ, ಓಯ್ತದೆ. ನಾನು ಕುಂತಿದ್ರೆ ಬರಾಕಿಲ್ಲ. ಹಿಡಿಯಾದೇ ಕಷ್ಟ ಆಗದೆ.”

ಆ ಕಡೆಯಿಂದ ಸಣ್ಣ ದನಿಯಲ್ಲಿ, “ಎಲ್ಲಿ ಸೇರ್ಕಂಡದೆ?”

“ಬಾನೆಟ್ ಎತ್ತಿದ್ರೆ ದಪ್ಪ ಪೈಪ್ ಅದಲ್ಲ, ಅದರ ಮೇಲಿರೋ ಕಪ್ಪು ಬಿರಡೆ ಅತ್ರ.”

ನಮ್ಮ ಕಡೆ ಗಾಳಿ ಅಂದರೆ ಉಸಿರಾಡುವ ಗಾಳಿ ಮಾತ್ರವಲ್ಲ. ಬಸುರಿ ಬಾಣಂತಿಯರಿಗೆ ಸೋಕುವ ಗಾಳಿಯೂ ಉಂಟು, ಅದನ್ನು ಮಂತ್ರಿಸಿದ ದಾರ ಕಟ್ಟಿ ಬಿಡಿಸಬೇಕು. ಆಕೆ ಯಾವ ಗಾಳಿ ಅಂದುಕೊಂಡಳೆಂದು ನನಗೆ ತಕ್ಷಣ ಗೊತ್ತಾಯಿತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ನಗು ತಡೆದುಕೊಂಡು ಟೀ ಮುಗಿಸಿದೆ.

ಮಾರನೇ ದಿನವೇ ಚನ್ನಬಸವಣ್ಣನ ಮನೆಯವರು ದಾರ ಮಂತ್ರಿಸುವ ಸಣ್ಣಬೀರಯ್ಯ ಅನ್ನುವ ಮುದುಕರನ್ನು ಕರೆಸಿ, ಪಾಷಾ ಭಾಯ್ ಹೇಳಿದ ಜಾಗಕ್ಕೇ ಕಪ್ಪು ದಾರ ಕಟ್ಟಿಸಿದರು. ಅವತ್ತಿನಿಂದ ವ್ಯಾನು ನಿಲ್ಲಲಿಲ್ಲ. ಒಂದು ವಾರ, ಎರಡು ವಾರ. ಬಂದ ಗಿರಾಕಿಗಳಿಗೆಲ್ಲ ಮಜಾಕ್ಕೆಂದು ಈ ಕಥೆ ಹೇಳಿದವನು ನಾನೇ. ಸಂತೆ ದಿನದ ಹೊತ್ತಿಗೆ ಊರೆಲ್ಲ ಹಬ್ಬಿತ್ತು. ಯಾವನೋ ಒಬ್ಬ ಗ್ಯಾರೇಜಿನ ಮುಂದೆ ಗಾಡಿ ನಿಧಾನ ಮಾಡಿ, “ಇಲ್ಲೂ ದಾರ ಕಟ್ತೀರಾ?” ಅಂತ ಕೇಳಿ ನಕ್ಕು ಹೋದ. ಪಾಷಾ ಭಾಯ್ ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಿದ್ದರು. ನನಗೆ ಆಗ ನಾಚಿಕೆಯಾಯಿತು, ಆದರೆ ಆಡಿದ ಮಾತನ್ನು ಯಾರ ಬಾಯಿಂದ ವಾಪಸು ತರಲಿ?

ಮೂರನೇ ವಾರ ಗಂಡಹೆಂಡತಿ ವೈಪರ್ ಕೊಳ್ಳಲು ನನ್ನ ಅಂಗಡಿಗೆ ಬಂದರು. ಚನ್ನಬಸವಣ್ಣ ಹೆಮ್ಮೆಯಿಂದ ಬಾನೆಟ್ ಎತ್ತಿ ದಾರ ತೋರಿಸಿದ. ಪಾಷಾ ಭಾಯ್ ಕನ್ನಡಕ ಏರಿಸಿಕೊಂಡು ಬಗ್ಗಿದರು. ದಾರ ಸೆನ್ಸರಿನ ವೈರನ್ನು ಪೈಪಿಗೆ ಬಿಗಿಯಾಗಿ ಎಳೆದು ಹಿಡಿದಿತ್ತು. ಅವರ ಮುಖ ಅರಳಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಆಗಲೇ.

“ಸಿಕ್ತು ಕಣ್ರೀ! ವೈರ್ ಒಳಗೇ ತಂತಿ ಮುರಿದದೆ. ಮೇಲಿನ ಸಿಪ್ಪೆ ಚೆನ್ನಾಗದೆ, ಅದಕ್ಕೇ ಕಾಣ್ಲಿಲ್ಲ. ದಾರ ಎಳೆದಿರಾದ್ರಿಂದ ತುದಿ ತುದಿ ತಾಕ್ಕಂಡವೆ, ಅಷ್ಟೇಯ. ಬಿಚ್ಚಿ, ಐದೇ ನಿಮಿಷ, ಬೆಸುಗೆ ಹಾಕ್ಕೊಡ್ತೀನಿ.”

ಮಂಗಳಗೌರಿ ಅಡ್ಡ ಬಂದಳು. “ಮುಟ್ಬ್ಯಾಡಿ ಸಾಬ್ರೇ. ಮಗಳ ಎರಿಗೆ ಆಗಾಗಂಟ ಬಿಚ್ಬಾರ್ದು ಅಂದವ್ರೆ.”

“ಮಗಳಿಗೋಸ್ಕರಾನೇ ಏಳ್ತಿರಾದು ಕಣಮ್ಮ. ದಾರ ಒಂದಿನ ಸಡಿಲಾಯ್ತದೆ.”

“ನಿಮ್ಮ ಕೈಲಿ ಆಗ್ಲಿಲ್ಲ ಅಂತ ಅದನ್ನ್ಯಾಕೆ ಕೆಡಿಸ್ತೀರಿ?” ಅಂದುಬಿಟ್ಟಳು. ಚನ್ನಬಸವಣ್ಣ ಬಾನೆಟ್ ಮುಚ್ಚಿದ.

ಆಮೇಲಿನ ದಿನಗಳಲ್ಲಿ ಪಾಷಾ ಭಾಯ್ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೋಟೆ ರಸ್ತೆಯನ್ನೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಕೈಗೆ ಮೀಟರ್ ಕೊಟ್ಟರು.

“ಆ ವ್ಯಾನು ನಿಂತೋಗ್ಲಿ ಅಂತ ದಿನಾ ಕಾಯ್ತಾ ಇವ್ನಿ ಪ್ರಭುಸ್ವಾಮಿ. ಒಳಗೆ ಬಸುರಿ ಹೆಣ್ಮಗಳು ಕುಂತವ್ಳೆ ಅನ್ನೋ ಗ್ಯಾನಾನೂ ಇರಲ್ಲ. ಗಾಡಿ ಕೆಡ್ಲಿ ಅಂತ ಬಯಸೋನು ಮೆಕ್ಯಾನಿಕ್ಕೇನ್ರೀ?”

ಅವತ್ತೇ ಬೀಗ ಹಾಕಿದರು. ತಡೆಯಲು ನನಗೆ ಯಾವ ಮುಖವಿತ್ತು?

ಹೆಣ್ಣು ಮಗು ಸುಖವಾಗಿ ಹುಟ್ಟಿತು. ಮಂಗಳಗೌರಿ ಗಂಡನ ಜೊತೆ ಅದೇ ವ್ಯಾನಿನಲ್ಲಿ ಮೈಸೂರು ಪಾಕಿನ ಪೊಟ್ಟಣ ಹಿಡಿದು ಬಂದಳು. ಪಾಷಾ ಅವರಿಗೆಂದೂ ಒಂದು ತಂದಿದ್ದಳು. ಮುಚ್ಚಿದ ಬಾಗಿಲು ನೋಡಿ ಅದನ್ನೂ ನನ್ನ ಮೇಜಿನ ಮೇಲಿಟ್ಟಳು. ನನಗೆ ತಡೆಯಲಾಗಲಿಲ್ಲ. ಚನ್ನಬಸವಣ್ಣನಿಗೆ ಎಂಜಿನ್ ಚಾಲೂ ಇಡಲು ಹೇಳಿ, ಬಾನೆಟ್ ಎತ್ತಿ, ಎರಡು ಬೆರಳಲ್ಲಿ ದಾರವನ್ನು ಸಡಿಲಿಸಿದೆ. ಎಂಜಿನ್ ಮುಗ್ಗರಿಸಿ ಹಿಂದಿನಿಂದ ಕರೀ ಹೊಗೆ ಎದ್ದಿತು. ಎಳೆದು ಬಿಗಿಮಾಡಿದೆ, ಸರಿಹೋಯಿತು. ಮತ್ತೆ ಸಡಿಲಿಸಿದೆ, ಮತ್ತೆ ಹೊಗೆ.

“ನೋಡಿದ್ರಾ? ಪಾಷಾ ಭಾಯ್ ಹೇಳಿದ್ದು ಇದನ್ನೇ!” ಅಂದೆ.

ಮಂಗಳಗೌರಿ ಸೆರಗು ಬಾಯಿಗೆ ಹಿಡಿದಳು. “ಅಯ್ಯೋ, ದಾರ ಸಡಿಲ ಮಾಡಿದ್ಕೇ ಮತ್ತೆ ಬಂತಲ್ಲಪ್ಪ!” ಚನ್ನಬಸವಣ್ಣ ಓಡಿಬಂದು ನನ್ನ ಕೈ ಸರಿಸಿ, ದಾರವನ್ನು ಎಳೆದು ಇನ್ನೊಂದು ಗಂಟು ಹಾಕಿದ.

ಸಂಜೆ ಆ ಪೊಟ್ಟಣ ಹಿಡಿದು ಪಾಷಾ ಭಾಯ್ ಮನೆಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಕಣ್ಣಿಗೆ ಔಷಧಿ ಬಿಟ್ಟುಕೊಂಡು ಮಲಗಿದ್ದರು, ತೆರೆಯಲಿಲ್ಲ.

“ಇನ್ನೊಂದು ಗಂಟು ಬಿಗಿಯಾಗಿ ಹಾಕುದ್ನಾ?”

“ಹಾಕಿದ ಭಾಯ್.”

“ಅಂಗಾದ್ರೆ ಬುಡಿ. ಮಳೆಗಾಲ ಮುಗಿಯೋಗಂಟ ಓಡ್ತದೆ. ಕೂಸು ಓಡಾಡೋ ಗಾಡಿ” ಅಂದರು.