ತೊಂಬತ್ತೈದು ಎಂದು ಹೇಳಿ ಕೊಂಡ ಹಾಯಿಹಲಗೆ

ತೊಂಬತ್ತರ ದಶಕದ ಕೊನೆಯಲ್ಲಿ ಲಷ್ಕರ್ ಮೊಹಲ್ಲಾದ ಒಬ್ಬ ಗುಜರಿ ವ್ಯಾಪಾರಿಯಿಂದ ನಾನೊಂದು ಹಾಯಿಹಲಗೆ ಕೊಂಡೆ. ಹಲಗೆಯ ಮೇಲೆ ನಿಂತು, ಅದಕ್ಕೆ ಸಿಕ್ಕಿಸಿದ ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ ಅದು. ಹಿನ್ನೀರಿನ ದಡದ ಒಂದು ಕ್ಯಾಂಪಿನಲ್ಲಿ ಕಲಿತಿದ್ದೆ. ಕ್ಯಾಂಪು ಮುಚ್ಚಿದಾಗ ಅದರ ಸಾಮಾನೆಲ್ಲ ಈ ಗುಜರಿಗೆ ಬಂದಿತ್ತು.

ಹೂಟಗಳ್ಳಿಯ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಅಳೆಯದೆ ಯಾವುದನ್ನೂ ನಂಬುತ್ತಿರಲಿಲ್ಲ. ಹಲಗೆಯ ಹಿಂತುದಿಯಲ್ಲಿ ‘೧೪೫ ಲೀಟರ್’ ಎಂದಿದ್ದ ಅಂಕಿಯ ಮೇಲೆ ಯಾರೋ ಮತ್ತೆ ಬಣ್ಣ ತೀಡಿದ್ದರು. ಹಲಗೆ ಎಷ್ಟು ಭಾರ ತೇಲಿಸಬಲ್ಲದು ಎಂದು ಹೇಳುವ ಅಂಕಿ ಅದು; ತೀಡಿದ್ದು ನನಗೆ ಸರಿ ಕಾಣಲಿಲ್ಲ. ಒಳಗೆ ನೀರು ಸೇರಿದೆಯೇನೋ ಎಂದು ಉದ್ದಕ್ಕೂ ಬೆರಳಿನಿಂದ ತಟ್ಟಿದೆ.

“ಕಲ್ಲಂಗಡಿ ಅಲ್ಲ ಕಣ್ರೀ ಅದು,” ಎಂದ ಗುಜರಿಯವನು. “ನಿಮ್ ತೂಕ ಎಷ್ಟು ಹೇಳಿ ಸಾರ್. ಗಾಳಿ ಕಮ್ಮಿ ಇರೋ ಕಡೆ ತೂಕದ ಮೇಲೆ ಐವತ್ತು ಲೀಟರ್ ಇರ್ಬೇಕಂತೆ. ಕ್ಯಾಂಪಿನೋರು ಹೇಳ್ಬುಟ್ಟು ಹೋಗವ್ರೆ.”

“ತೊಂಬತ್ತೈದು,” ಎಂದೆ.

ಅವನು ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿದ. ಕೂಡಲೇ ಹಲಗೆಗೆ ಹಗ್ಗ ಸುತ್ತತೊಡಗಿದ. ಮೋಸ ಮುಚ್ಚಿಡುವವರ ಅವಸರ ಅದು ಎಂದುಕೊಂಡೆ.

ಭಾನುವಾರ ಹಿನ್ನೀರಿಗೆ ಹೋದೆ. ಹಲಗೆಯ ಜೊತೆ ಬಂದಿದ್ದ ತೇಲುಜಾಕೆಟ್ಟಿನ ಬಕಲ್ಲಿನ ಎರಡು ತುದಿ ಕೂಡಲಿಲ್ಲ. ಬಕಲ್ಲೇ ಕೆಟ್ಟಿದೆ ಎಂದು ಹಾಗೇ ತೊಟ್ಟೆ. ದಡದಿಂದ ಸಾಕಷ್ಟು ದೂರ ಹೋದಮೇಲೆ ಗಾಳಿ ನಿಂತುಹೋಯಿತು. ಓಡುವಾಗ ನೀರಿನ ಮೇಲಿದ್ದ ಹಲಗೆ ನಿಂತ ಕೂಡಲೇ ಪಾದದ ಕೆಳಗೆ ಇಳಿಯಿತು. ನೀರು ಹಿಮ್ಮಡಿಗೆ ಬಂತು. ಒಂದು ಹೆಜ್ಜೆ ಹಿಂದಿಟ್ಟೆ, ಬಿದ್ದೆ. ಜಾಕೆಟ್ಟು ಮೇಲಕ್ಕೆ ಜಾರಿ ಮುಖಕ್ಕೆ ಮುಚ್ಚಿಕೊಂಡಿತು. ನನಗೆ ಈಜು ಅಷ್ಟಕ್ಕಷ್ಟೆ. ಎಷ್ಟು ನೀರು ಕುಡಿದೆನೋ ತಿಳಿಯದು. ಮೀನು ಹಿಡಿಯುವವನೊಬ್ಬ ತೆಪ್ಪ ತಂದು ಕತ್ತಿನ ಪಟ್ಟಿ ಹಿಡಿದೆಳೆದ.

ಮರುದಿನ ಹಲಗೆಯನ್ನು ಗುಜರಿಯ ಮುಂದೆ ಇಳಿಸಿದೆ.

“ಅಂಕಿ ತಿದ್ದಿದ್ದೀಯ. ಪ್ರಾಣ ಹೋಗ್ತಿತ್ತು ನಂದು.”

“ಮಾಸಿತ್ತು, ಅದ್ಕೆ ತೀಡ್ದೆ ಸಾರ್. ಬನ್ನಿ, ಇದ್ರ ಮೇಲೆ ನಿಂತ್ಕೊಳ್ಳಿ.”

ಕಬ್ಬಿಣ ತೂಗುವ ದೊಡ್ಡ ತಕ್ಕಡಿ. ಬೀದಿಯವರು ನೋಡುತ್ತಿದ್ದರು. ಬೂಟು ಬಿಚ್ಚಿ ನಿಂತೆ. ಮುಳ್ಳು ನೂರ ಹದಿನಾಲ್ಕಕ್ಕೆ ಹೋಗಿ ನಿಂತಿತು.

“ಗುಜರಿ ತಕ್ಕಡಿ ಯಾರು ನಂಬ್ತಾರೆ?” ಎಂದೆ.

“ನಂಬಬೇಡಿ ಸಾರ್. ಗುಜರಿ ತಕ್ಕಡಿ ಕಮ್ಮಿ ತೋರ್ಸುತ್ತೆ ಅಂತ ಊರೆಲ್ಲಾ ಬಯ್ಯುತ್ತೆ. ಹಂಗಾದ್ರೆ ನೀವು ಇನ್ನೂ ಜಾಸ್ತಿನೇ!”

ಬೀದಿ ನಕ್ಕಿತು. ತೊಂಬತ್ತೈದು ಎಂಬುದು ನಾನು ಕೆಲಸಕ್ಕೆ ಸೇರುವಾಗ ವೈದ್ಯರು ಬರೆದ ತೂಕ. ಆಮೇಲೆ ನಾನು ಅಳೆಯದೇ ಬಿಟ್ಟದ್ದು ಅದೊಂದನ್ನೇ.

ಅವನು ಒಳಗಿನಿಂದ ಇನ್ನೊಂದು ಹಲಗೆ ಎಳೆದು ತಂದ. ಇನ್ನೂರ ಇಪ್ಪತ್ತು ಲೀಟರ್, ಬಾಗಿಲಿನಷ್ಟು ಅಗಲ. ಮಂದ ಗಾಳಿಯಲ್ಲಿ ಭಾರದ ಮೈಯನ್ನು ಎಳೆಯಲು ಹಾಯಿಯೂ ದೊಡ್ಡದಿರಬೇಕೆಂದು ಏಳೂವರೆ ಚದರ ಮೀಟರಿನದನ್ನು ಜೊತೆಗಿಟ್ಟ. ಜಾಕೆಟ್ಟನ್ನು ಮಾತ್ರ ನಾನೇ ಆರಿಸಿದೆ. ಮೂರು ಬಕಲ್ಲನ್ನೂ ಅವನೆದುರೇ ಹಾಕಿ ನೋಡಿದೆ. ಆಮೇಲೆ ಹಲಗೆಯನ್ನು ತಟ್ಟತೊಡಗಿದೆ.

“ತಟ್ಟಿ ಸಾರ್, ತಟ್ಟಿ,” ಎಂದು ಅವನು ಬೀಡಿ ಹಚ್ಚಿದ.

ಮುಂದಿನ ಭಾನುವಾರ ಸೊಂಟದುದ್ದ ನೀರಿನಲ್ಲಿ, ಹಾಯಿ ಕಟ್ಟದೆ, ಹಲಗೆಯ ಮೇಲೆ ಸುಮ್ಮನೆ ನಿಂತೆ. ನೀರು ಪಾದಕ್ಕೆ ಏರಲಿಲ್ಲ. ಬಹಳ ಹೊತ್ತು ಪಾದವನ್ನೇ ನೋಡುತ್ತಿದ್ದೆ. ಗಾಳಿ ಚೆನ್ನಾಗಿತ್ತು. ಆದರೂ ಆ ದಿನ ಹಾಯಿ ಕಟ್ಟಲಿಲ್ಲ.